ಅಂಕಪಟ್ಟಿ ಹೇಳದ ಮಾತು



1914ರ ಆಗಸ್ಟ್. ಮೊದಲ ಮಹಾಯುದ್ಧ ಆಗಷ್ಟೇ ಶುರುವಾಗಿತ್ತು. ಮುಂದಿನ ವಾರಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಹಾರ್ಟ್ಸ್ ಫುಟ್‌ಬಾಲ್ ಕ್ಲಬ್ಬು ಲೀಗಿನ ಮೊದಲ ಎಂಟೂ ಪಂದ್ಯ ಗೆದ್ದು ಎಲ್ಲರಿಗಿಂತ ಮುಂದಿತ್ತು. ಆದರೂ ಜನರ ಮಾತು ಚುಚ್ಚುತ್ತಿತ್ತು: ರಣರಂಗದಲ್ಲಿ ಹುಡುಗರು ಸಾಯುತ್ತಿರುವಾಗ ಇವರಿಗೆ ಆಟವೇ?

ನವೆಂಬರಿನಲ್ಲಿ ಎಡಿನ್‌ಬರೋದ ಮಾಜಿ ಸಂಸದ ಸರ್ ಜಾರ್ಜ್ ಮೆಕ್ರೇ ಸೈನ್ಯಕ್ಕೆ ಹೊಸ ಪಡೆ ಕಟ್ಟಲು ಹೊರಟಾಗ, ಹಾರ್ಟ್ಸ್‌ನ 11 ಆಟಗಾರರು ಒಟ್ಟಿಗೇ ಹೆಸರು ಬರೆಸಿದರು. ಅವರ ಬೆನ್ನಿಗೇ ನೂರಾರು ಅಭಿಮಾನಿಗಳು, ಬೇರೆ ಕ್ಲಬ್ಬುಗಳ ಆಟಗಾರರೂ ಸೇರಿದರು.

ಲೀಗ್ ಮಾತ್ರ ನಿಲ್ಲಲಿಲ್ಲ. ಸೈನ್ಯದ ಕವಾಯತು, ರಾತ್ರಿಯೆಲ್ಲ ಮೈಲುಗಟ್ಟಲೆ ನಡಿಗೆ, ಅದೇ ದಣಿದ ಕಾಲುಗಳಲ್ಲಿ ಶನಿವಾರದ ಪಂದ್ಯ. ಬಹುಕಾಲ ಮುಂದಿದ್ದ ತಂಡ ಕೊನೆಕೊನೆಗೆ ಹಿಂದೆ ಬಿತ್ತು. ಲೀಗ್ ಗೆದ್ದ ಸೆಲ್ಟಿಕ್ ಕ್ಲಬ್ಬಿಗೆ 65 ಅಂಕ, ಹಾರ್ಟ್ಸ್‌ಗೆ 61.

1916ರ ಜುಲೈ 1, ಫ್ರಾನ್ಸಿನ ಸೊಮ್ ಕದನದ ಮೊದಲ ದಿನ. ಹಾರ್ಟ್ಸ್ ಆಟಗಾರರಾದ ಹ್ಯಾರಿ ವಾಟಿ, ಡಂಕನ್ ಕರಿ, ಅರ್ನೆಸ್ಟ್ ಎಲಿಸ್, ಮೂವರೂ ಅಂದೇ ಮಡಿದರು. ಯುದ್ಧ ಮುಗಿಯುವ ಹೊತ್ತಿಗೆ ಆ ತಂಡದ ಏಳು ಮಂದಿ ಇರಲಿಲ್ಲ. 1922ರಲ್ಲಿ ಎಡಿನ್‌ಬರೋದ ಹೇಮಾರ್ಕೆಟ್‌ನಲ್ಲಿ ಅವರಿಗಾಗಿ ಸ್ಮಾರಕ ನಿಂತಿತು. ಇಂದಿಗೂ ಪ್ರತಿ ನವೆಂಬರಿನಲ್ಲಿ ಜನ ಅಲ್ಲಿ ಸೇರುತ್ತಾರೆ.

ಯುದ್ಧ ಎಷ್ಟು ಎಳೆಯ ಬದುಕುಗಳನ್ನು ನುಂಗುತ್ತದೆ ಎಂಬುದನ್ನು ನಾವು ಮರೆಯಬಾರದು. ಇನ್ನೊಂದು ಮಾತನ್ನೂ ನೆನಪಿಡಬೇಕು. ಅಂಕಪಟ್ಟಿ ಯಾರು ಗೆದ್ದರು ಎಂದಷ್ಟೇ ಹೇಳುತ್ತದೆ. ಯಾರು ಯಾವ ಭಾರ ಹೊತ್ತು ಓಡಿದರು ಎಂದು ಹೇಳುವುದಿಲ್ಲ. ಪರೀಕ್ಷೆಯಲ್ಲಾಗಲಿ, ದುಡಿಮೆಯಲ್ಲಾಗಲಿ ಹಿಂದೆ ಬಿದ್ದವರನ್ನು ಸೋತವರೆಂದು ಕರೆಯುವ ಮುನ್ನ ಅವರ ಹೆಗಲ ಮೇಲಿನ ಹೊರೆಯನ್ನು ನೋಡೋಣ. ಸಾಧ್ಯವಾದರೆ ಅದಕ್ಕೆ ಹೆಗಲು ಕೊಡೋಣ.