ತುಫಾನಿನ ಸುದ್ದಿ ಕೊನೆಯ ಮನೆಗೂ ಮುಟ್ಟಲಿ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಎರಡು ಮಾತಾಡಬೇಕೆಂದು ಕಾರ್ಯದರ್ಶಿಯವರು ಹೇಳಿದಾಗ ನಾವು ಸ್ವಲ್ಪ ಹಿಂದೆ ಮುಂದೆ ನೋಡಿದೆವು. ಠೇವಣಿ ಎಷ್ಟು, ಸಾಲ ಎಷ್ಟು, ಡಿವಿಡೆಂಡ್ ಎಷ್ಟು ಎಂಬುದನ್ನು ನಮಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ. ನಾವು ಐದಾರು ಜನ 2021ರ ಮೇ ತಿಂಗಳಲ್ಲಿ, ತೌಕ್ತೆ ತುಫಾನಿನ ದಿನ, ಸಂಘದ ಪರವಾಗಿ ಕಡಲ ಬದಿಯ ಮನೆಗಳಿಗೆ ಸುತ್ತಿದವರು. ಆ ದಿನ ಕಲಿತದ್ದನ್ನೇ ಹೇಳುತ್ತೇವೆಂದೆವು. ಅವರು ಒಪ್ಪಿದರು. ಹಬ್ಬದ ದಿನ ತುಫಾನಿನ ಮಾತು ಎಂತಕ್ಕೆ ಅಂತ ಯಾರೂ ಬೇಸರ ಮಾಡಿಕೊಳ್ಳಬಾರದು.

ಮೊದಲು ಈ ತುಫಾನು ಅಂದರೆ ಎಂತ ಅಂತ ನೋಡುವ. ನಮ್ಮ ಮೀನುಗಾರರು ತುಫಾನು ಅನ್ನುತ್ತಾರೆ, ಪೇಪರಿನವರು ಚಂಡಮಾರುತ ಅಂತ ಬರೆಯುತ್ತಾರೆ, ಇಂಗ್ಲಿಷಿನಲ್ಲಿ ಸೈಕ್ಲೋನ್. ಅಮೆರಿಕದ ಕಡೆ ಇದನ್ನೇ ಹರಿಕೇನ್ ಎಂದೂ ಚೀನಾ, ಜಪಾನಿನ ಕಡೆ ಟೈಫೂನ್ ಎಂದೂ ಕರೆಯುತ್ತಾರೆ. ಹೆಸರು ಬೇರೆ, ಜಾತಿ ಒಂದೇ. ಸೈಕ್ಲೋನ್ ಎಂಬ ಹೆಸರು ಹುಟ್ಟಿದ್ದು ನಮ್ಮ ದೇಶದಲ್ಲೇ. 1840ರ ದಶಕದಲ್ಲಿ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬ ಅಧಿಕಾರಿ ಹಾವಿನ ಸುರುಳಿಯ ಅರ್ಥ ಬರುವ ಗ್ರೀಕ್ ಮಾತಿನಿಂದ ಈ ಹೆಸರನ್ನು ಕಟ್ಟಿದ. ಕಡಲ ಮೇಲಿನ ನೀರು ಹೆಚ್ಚುಕಡಿಮೆ 26, 27 ಡಿಗ್ರಿಗಿಂತ ಹೆಚ್ಚು ಬಿಸಿಯಾದಾಗ ಅಲ್ಲಿನ ಹಬೆಗಾಳಿ ಮೇಲೇಳುತ್ತದೆ, ಸುತ್ತಲಿನ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ, ಭೂಮಿ ತಿರುಗುವ ಕಾರಣ ಅದು ಸುರುಳಿ ಸುತ್ತಿಕೊಳ್ಳುತ್ತದೆ. ಬಿಸಿನೀರೇ ಅದರ ಆಹಾರ. ನೆಲಕ್ಕೆ ಬಂದ ಮೇಲೆ ಆಹಾರ ಸಿಗದೆ ಸೊರಗುತ್ತದೆ. ಆದರೆ ಸೊರಗುವ ಮುಂಚೆ ಮಾಡುವ ಹಾನಿ ಮಾಡಿಯೇ ಹೋಗುತ್ತದೆ.

ಹೆಚ್ಚಿನವರು ಗಾಳಿಗೆ ಹೆದರುತ್ತಾರೆ. ಆದರೆ ದೊಡ್ಡ ತುಫಾನುಗಳಲ್ಲಿ ಹೆಚ್ಚು ಜೀವ ತೆಗೆದದ್ದು ಗಾಳಿಗಿಂತ ನೀರು. ಗಾಳಿಯು ಕಡಲನ್ನೇ ದಡದ ಮೇಲೆ ತಳ್ಳಿಕೊಂಡು ಬರುತ್ತದೆ. ಇದು ಬರೇ ಅಲೆಯಲ್ಲ, ಕಡಲಿನ ಮಟ್ಟವೇ ಏರಿ ಬರುವುದು. ನಮ್ಮ ಸಂಘ ಹುಟ್ಟಿದ ವರ್ಷ, 1999ರಲ್ಲಿ, ಒರಿಸ್ಸಾದಲ್ಲಿ ಆದದ್ದು ಇದೇ. ಅಕ್ಟೋಬರ್ 29ರಂದು ಪಾರಾದೀಪದ ಹತ್ತಿರ ದಡಕ್ಕೆ ಬಂದ ಆ ಮಹಾ ತುಫಾನಿನ ಗಾಳಿಯ ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್. ಕಡಲು 5, 6 ಮೀಟರ್ ಏರಿ ಒಳನಾಡಿಗೆ ನುಗ್ಗಿತು. ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಪ್ರದೇಶದಲ್ಲಿ ಊರಿಗೆ ಊರೇ ತೊಳೆದು ಹೋಯಿತು. ಸರಕಾರಿ ಲೆಕ್ಕದಲ್ಲಿಯೇ ಸತ್ತವರು ಸುಮಾರು 10,000. ದನಕರುಗಳು ಲಕ್ಷಗಟ್ಟಲೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ತುಫಾನು ಬರುತ್ತದೆಂದು ಹವಾಮಾನ ಇಲಾಖೆಗೆ ಮೊದಲೇ ತಿಳಿದಿತ್ತು, ರೇಡಿಯೋದಲ್ಲಿ ಎಚ್ಚರಿಕೆಯೂ ಬಂದಿತ್ತು. ಆದರೆ ಬಡ ಜನ ಓಡಿ ಹೋಗಿ ನಿಲ್ಲಲು ಗಟ್ಟಿ ಕಟ್ಟಡಗಳು ಬಹಳ ಕಡಿಮೆ ಇದ್ದವು. ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಮನೆಗಳಲ್ಲೇ ಉಳಿದರು.

ಆಮೇಲೆ ಅವರು ಸುಮ್ಮನೆ ಕೂತುಕೊಳ್ಳಲಿಲ್ಲ. ಅದೇ ವರ್ಷ ವಿಪತ್ತು ನಿರ್ವಹಣೆಗೆಂದೇ ಒಂದು ಸಂಸ್ಥೆ ಕಟ್ಟಿದರು. ಕಡಲ ಬದಿಯಲ್ಲಿ ಕಂಬದ ಮೇಲೆ ಎತ್ತರಿಸಿದ ಆಸರೆ ಕಟ್ಟಡಗಳನ್ನು ಒಂದೊಂದಾಗಿ ಎಬ್ಬಿಸಿದರು. ಈಗ ಅಂಥವು 800ಕ್ಕೂ ಹೆಚ್ಚು ಇವೆ. ಬೇರೆ ದಿನಗಳಲ್ಲಿ ಅದರಲ್ಲೇ ಶಾಲೆ ನಡೆಯುತ್ತದೆ, ಸಭೆ ನಡೆಯುತ್ತದೆ. ಊರೂರಿನಲ್ಲಿ ಹುಡುಗರಿಗೆ, ಹೆಂಗಸರಿಗೆ ತರಬೇತಿ ಕೊಟ್ಟರು. 2013ರ ಅಕ್ಟೋಬರ್ 12ರಂದು ಫೈಲಿನ್ ತುಫಾನು ಗೋಪಾಲಪುರದ ಹತ್ತಿರ ಬಂದಿತು. 1999ರಷ್ಟು ಬಲ ಇರಲಿಲ್ಲ ನಿಜ, ಆದರೂ ಗಾಳಿ ಗಂಟೆಗೆ 200 ಕಿಲೋಮೀಟರ್ ಮುಟ್ಟಿತ್ತು. ಅಷ್ಟರೊಳಗೆ ಸುಮಾರು 10 ಲಕ್ಷ ಜನರನ್ನು ಮನೆ ಬಿಡಿಸಿ ಆಗಿತ್ತು. 2019ರ ಮೇ 3ರಂದು ಪುರಿಯ ಹತ್ತಿರ ಫನಿ ಬಂದಾಗ ಸುಮಾರು 12 ಲಕ್ಷ ಜನರನ್ನು ಸಾಗಿಸಿದರು. ಮೊಬೈಲ್ ಸಂದೇಶಗಳು ಕೋಟಿಗಟ್ಟಲೆ ಹೋದವು. ಅದರ ಜೊತೆಗೆ 40 ಸಾವಿರಕ್ಕೂ ಮಿಕ್ಕಿ ಸ್ವಯಂಸೇವಕರು ಮನೆ ಮನೆಗೆ ನಡೆದರು. ಎರಡೂ ಸಲ ಸತ್ತವರ ಸಂಖ್ಯೆ ನೂರರ ಒಳಗೆ ಉಳಿಯಿತು. 10,000 ಎಲ್ಲಿ, ನೂರರ ಒಳಗೆ ಎಲ್ಲಿ!

ಹಣ ಇದ್ದರೆ ಎಲ್ಲ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ಹಾಗಾದರೆ ಅಮೆರಿಕಕ್ಕೆ ಹಣದ ಕೊರತೆ ಇತ್ತೇ? 2005ರ ಆಗಸ್ಟ್‌ನಲ್ಲಿ ಕತ್ರಿನಾ ಎಂಬ ಹರಿಕೇನ್ ನ್ಯೂ ಓರ್ಲಿಯನ್ಸ್ ನಗರದತ್ತ ಬರುತ್ತಿರುವುದನ್ನು ಅಲ್ಲಿನ ಜನ ದಿನಗಟ್ಟಲೆ ಟಿ.ವಿ.ಯಲ್ಲಿ ನೋಡುತ್ತಲೇ ಇದ್ದರು. 28ರಂದು ಎಲ್ಲರೂ ಊರು ಬಿಡಬೇಕೆಂದು ಆಜ್ಞೆಯಾಯಿತು. ಕಾರಿದ್ದವರು ಸಾಲುಗಟ್ಟಿ ಹೋದರು. ಕಾರಿಲ್ಲದವರು, ಕೈಯಲ್ಲಿ ಕಾಸಿಲ್ಲದವರು, ಹಾಸಿಗೆ ಹಿಡಿದವರು ಉಳಿದರು. 29ರಂದು ತುಫಾನು ಬಂತು, ನೀರು ತಡೆಯಲು ಕಟ್ಟಿದ ಒಡ್ಡುಗಳು ಒಡೆದು ನಗರದ ಹೆಚ್ಚಿನ ಭಾಗ ಮುಳುಗಿತು. ಲೂಯಿಸಿಯಾನ ರಾಜ್ಯದಲ್ಲಿ ಸತ್ತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ 75 ವರ್ಷ ದಾಟಿದವರು. ಸುದ್ದಿ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಕರೆದುಕೊಂಡು ಹೋಗುವವರು ಬರಲಿಲ್ಲ.

ಇನ್ನು ನಮ್ಮ ಕಡಲಿಗೆ ಬರುವ. ತುಫಾನು ಏನಿದ್ದರೂ ಬಂಗಾಳ ಕೊಲ್ಲಿಯದ್ದು, ನಮ್ಮ ಅರಬ್ಬೀ ಸಮುದ್ರ ಸಾಧು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅವರ ಕಾಲಕ್ಕೆ ಅದು ಬಹುಮಟ್ಟಿಗೆ ಸರಿಯೇ. ಆದರೆ ಈಗ ಅರಬ್ಬೀ ಸಮುದ್ರದ ನೀರು ಬಿಸಿಯಾಗುತ್ತಿದೆ, ಬಲವಾದ ತುಫಾನುಗಳು ಹೆಚ್ಚುತ್ತಿವೆ ಎಂದು ವಿಜ್ಞಾನಿಗಳು ಹೇಳುತ್ತಾರೆ. 2017ರ ನವೆಂಬರ್ ಕೊನೆಗೆ ಓಖಿ ಬಂದಾಗ ಕೇರಳ, ಕನ್ಯಾಕುಮಾರಿ ಕಡೆಯ ಎಷ್ಟೋ ದೋಣಿಗಳು ಆಗಲೇ ಆಳ ಸಮುದ್ರದಲ್ಲಿದ್ದವು. ಅವರಿಗೆ ಸುದ್ದಿ ಮುಟ್ಟಿಸಲು ದಾರಿಯೇ ಇರಲಿಲ್ಲ. ಹೋದವರಲ್ಲಿ ನೂರಾರು ಮಂದಿ ತಿರುಗಿ ಬರಲಿಲ್ಲ.

2021ರ ಮೇ 14, ಶುಕ್ರವಾರ. ಲಕ್ಷದ್ವೀಪದ ಹತ್ತಿರ ವಾಯುಭಾರ ಕುಸಿತ ಅಂತ ಸುದ್ದಿ ಬಂತು. ತುಫಾನಾದರೆ ಇಡಬೇಕಾದ ಹೆಸರು ತೌಕ್ತೆ, ಮ್ಯಾನ್ಮಾರ್ ದೇಶ ಕೊಟ್ಟದ್ದು, ಗಟ್ಟಿಯಾಗಿ ಕೂಗುವ ಒಂದು ಜಾತಿಯ ಹಲ್ಲಿಯ ಹೆಸರಂತೆ. ಹಲ್ಲಿಯ ಹೆಸರು ಕೇಳಿ ನಾವು ನಕ್ಕಿದ್ದೂ ಉಂಟು. ಆಗ ಕೊರೋನಾದ ಎರಡನೇ ಅಲೆ, ಲಾಕ್‌ಡೌನ್. ಮನೆಯಲ್ಲೇ ಕೂತ ನಮಗೆ ಟಿ.ವಿ.ಯಲ್ಲಿ ತುಫಾನಿನ ನಕ್ಷೆ ನೋಡುವುದೇ ಕೆಲಸವಾಯಿತು. ಮೊಬೈಲಿನಲ್ಲಿ ಒಬ್ಬ ಒಂದು ಕಳಿಸಿದರೆ ಮತ್ತೊಬ್ಬ ಅದಕ್ಕೆ ವಿರುದ್ಧ ಇನ್ನೊಂದು ಕಳಿಸುತ್ತಿದ್ದ. ಯಾವುದೋ ದೇಶದ ಹಳೆಯ ವಿಡಿಯೋವನ್ನು ನಮ್ಮ ಪಕ್ಕದ ಊರಿನದ್ದೆಂದು ಹಂಚಿದವರೂ ಇದ್ದರು. ಇದರಿಂದ ಆದದ್ದು ಇಷ್ಟೇ: ನಿಜ ಸುದ್ದಿಯನ್ನೂ ಜನ ನಂಬಲಿಲ್ಲ.

ಶನಿವಾರ ಬೆಳಿಗ್ಗೆ ಕಡಲಿನ ಶಬ್ದವೇ ಬದಲಾಗಿತ್ತು. ಪಂಚಾಯತಿನವರು ಹೇಳಿದ ಹಾಗೆ ತಗ್ಗಿನ ಮನೆಯವರನ್ನು ಶಾಲೆಗೆ ಸಾಗಿಸಬೇಕು. ಎಲ್ಲಿಂದ ಸುರು ಮಾಡುವುದು? ಸಂಘದ ಕಚೇರಿಯಲ್ಲಿ ಸದಸ್ಯರ ಪಟ್ಟಿ ಇತ್ತು. ಮನೆಹೆಸರು, ಫೋನ್ ನಂಬ್ರ ಎಲ್ಲಾ ಸರಿಯಾಗಿ ಉಂಟು. ಅದನ್ನೇ ಹಿಡಿದು ಹೊರಟೆವು.

ಒಬ್ಬ ಅಜ್ಜ ಏನು ಮಾಡಿದರೂ ಏಳಲಿಲ್ಲ. "ಈ ಕಡ್ಲು ನಂಗೆ ಹೊಸ್ತಾ? ನಾ ಎಲ್ಲಿಗೂ ಬತ್ತಿಲ್ಲೆ" ಅಂದರು. ಕೊರೋನಾ ಇರುವಾಗ ನಾಲ್ಕು ಜನರ ಮಧ್ಯೆ ಕೂರುವ ಹೆದರಿಕೆ ಒಂದು, ಗಬ್ಬದ ದನವನ್ನು ಬಿಟ್ಟು ಬರುವ ಚಿಂತೆ ಇನ್ನೊಂದು. ದನವನ್ನು ಸಂಘದ ಗೊಬ್ಬರದ ಗೋದಾಮಿನ ಜಗಲಿಯಲ್ಲಿ ಕಟ್ಟುತ್ತೇವೆಂದ ಮೇಲೆ ಹಗ್ಗ ಹಿಡಿದು ಅವರೇ ಮುಂದೆ ನಡೆದರು. ಪಟ್ಟಿಯಲ್ಲಿದ್ದ ಮನೆಗಳೆಲ್ಲ ಸಂಜೆಯೊಳಗೆ ಖಾಲಿಯಾದವು. ನಾವು ಒಳ್ಳೆಯ ಕೆಲಸ ಮಾಡಿದೆವೆಂದು ಚಹಾ ಕುಡಿದೆವು.

ಆ ರಾತ್ರಿ ತೌಕ್ತೆ ನಮ್ಮ ದಡಕ್ಕೆ ಬರಲಿಲ್ಲ, ಬದಿಯಿಂದಲೇ ಹಾದು ಹೋಯಿತು. ಮೇ 17ರ ರಾತ್ರಿ ಗುಜರಾತಿನಲ್ಲಿ ದಡ ಸೇರಿತು. ಆದರೂ ಅದರ ಗಾಳಿಗೆ ತೆಂಗಿನ ಮರ ಬಿದ್ದವು, ಹೆಂಚು ಹಾರಿದವು. ಹೊಳೆಯ ನೀರು ಕಡಲಿಗೆ ಇಳಿಯಲಾಗದೆ ಹಿಂದಕ್ಕೆ ಏರಿತು. ಬಾವಿಗಳಿಗೆ ಉಪ್ಪುನೀರು ಹೊಕ್ಕಿತು.

ಆದಿತ್ಯವಾರ ಬೆಳಿಗ್ಗೆ ಹೊಳೆಯ ಬದಿಗೆ ಹೋದಾಗ ಕೊನೆಯ ಮನೆಯ ಬಾಗಿಲು ತೆರೆದಿತ್ತು. ಒಂಟಿ ಹೆಂಗಸು, ವಯಸ್ಸು ಎಪ್ಪತ್ತರ ಮೇಲೆ. ಫೋನ್ ಇಲ್ಲ. ರಾತ್ರಿಯಿಡೀ ಸೊಂಟದವರೆಗಿನ ನೀರಿನಲ್ಲಿ, ಮಂಚದ ಮೇಲೆ ಮಂಚದಂತೆ ಬೆಂಚು ಇಟ್ಟು ಕೂತಿದ್ದರು. ಎರಡು ಆಡು ಕಟ್ಟಿದಲ್ಲೇ ಸತ್ತಿದ್ದವು. ನಾವು ಅವರ ಮನೆಗೆ ಯಾಕೆ ಹೋಗಲಿಲ್ಲ? ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಗಂಡ ತೀರಿದ ಮೇಲೆ ಪಾಲು ಬಂಡವಾಳ ಅವರ ಹೆಸರಿಗೆ ವರ್ಗವಾಗಿರಲಿಲ್ಲ, ಸದಸ್ಯತ್ವ ರದ್ದಾಗಿತ್ತು. ನಾವೆಲ್ಲ ಅವರನ್ನು ಬಲ್ಲವರೇ, ಅವರ ಕೈಯ ಗಂಜಿ ಉಂಡವರೂ ಇದ್ದೇವೆ. ಆದರೆ ಆ ದಿನ ಕಣ್ಣು ಕಾಗದದ ಮೇಲಿತ್ತು. ಅವರು ಬೈಯಲಿಲ್ಲ. "ಬಂದು ಕರ್ದ್ರೆ ನಾ ಬತ್ತಿದ್ದೆ ಮಗಾ" ಅಂದರು, ಅಷ್ಟೇ. ಬರುವುದಿಲ್ಲ ಎಂದವರನ್ನು ಕಾಡಿ ಕರೆತಂದೆವು, ಬರುತ್ತೇನೆ ಎಂಬವರನ್ನು ಕರೆಯಲೇ ಇಲ್ಲ. ಅವರು ಬದುಕಿ ಉಳಿದದ್ದು ನಮ್ಮ ಪುಣ್ಯ. ನೀರು ಇನ್ನೆರಡು ಮೊಳ ಏರಿದ್ದರೆ ಇವತ್ತು ಇಲ್ಲಿ ನಿಂತು ಮಾತಾಡುವ ಮುಖ ನಮಗೆ ಇರುತ್ತಿರಲಿಲ್ಲ.

ಆದ್ದರಿಂದ ಸಭೆಯ ಮುಂದೆ ಕೆಲವು ಮಾತು ಇಡುತ್ತೇವೆ. ಮೊದಲನೆಯದು, ಪಟ್ಟಿ ಸದಸ್ಯರದ್ದಲ್ಲ, ಮನೆಗಳದ್ದಾಗಬೇಕು. ಸಾಲ ಬಾಕಿ ಇದ್ದವರು, ಬಾಡಿಗೆಗೆ ಇರುವವರು, ಹೊರಗಿನಿಂದ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಇರುವವರು, ಎಲ್ಲರೂ ಅದರಲ್ಲಿ ಬರಬೇಕು. ಯಾರ ಮನೆಯಲ್ಲಿ ಫೋನಿಲ್ಲ, ಯಾರು ನಡೆಯಲಾರರು, ಎಲ್ಲಿ ಬಾಣಂತಿ ಇದ್ದಾಳೆ, ಎಷ್ಟು ದನ ಉಂಟು ಎಂದು ಬರೆದಿಡಬೇಕು. ಅಂಗನವಾಡಿ, ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಒಂದು ವಾರದ ಕೆಲಸ. ಹತ್ತು ಮನೆಗೆ ಒಬ್ಬರಂತೆ ಜವಾಬ್ದಾರಿ ಹಂಚಬೇಕು. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಏಪ್ರಿಲ್‌ನಲ್ಲಿ, ಮಳೆ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ, ಪಟ್ಟಿ ತಿದ್ದಬೇಕು. ತುಫಾನಿನ ಕಾಲ ಈ ಎರಡೇ.

ಎರಡನೆಯದು, ಸುದ್ದಿ ಒಂದೇ ಕಡೆಯಿಂದ ಬರಲಿ. ಹವಾಮಾನ ಇಲಾಖೆಯ ಎಚ್ಚರಿಕೆಗೆ ಮೆಟ್ಟಿಲುಗಳಿವೆ. ಸುಮಾರು 72 ಗಂಟೆ ಮುಂಚೆ ಮೊದಲ ಸೂಚನೆ, 48 ಗಂಟೆ ಮುಂಚೆ ಮುನ್ನೆಚ್ಚರಿಕೆ, 24 ಗಂಟೆ ಮುಂಚೆ ಕಡ್ಡಾಯ ಎಚ್ಚರಿಕೆ. ಬಣ್ಣದಲ್ಲಿ ಹೇಳುವಾಗ ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ತಯಾರಾಗಿ, ಕೆಂಪು ಅಂದರೆ ಕೆಲಸಕ್ಕಿಳಿಯಿರಿ. ಇದನ್ನು ಸಂಘದ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ಮೈಕಿನಲ್ಲಿ ಹೇಳಿಸಬೇಕು. ಕರೆಂಟು ಹೋದರೂ ಕೇಳುವಂತೆ ಸೆಲ್ಲಿನ ರೇಡಿಯೋ ಒಂದು ಕಚೇರಿಯಲ್ಲಿ ಇರಲಿ. ಬಂದರುಗಳಲ್ಲಿ ಏರಿಸುವ ಅಪಾಯದ ಸಂಕೇತ 1ರಿಂದ 11ರವರೆಗೆ ಇದೆ. 10 ಅಂದರೆ ಮಹಾ ಅಪಾಯ. ಹಾಗಾದರೆ 11 ಎಂತದು? ಎಚ್ಚರಿಕೆ ಕೊಡುವ ಕಚೇರಿಯ ಸಂಪರ್ಕವೇ ಕಡಿದುಹೋಗಿದೆ ಎಂದು ಅದರ ಅರ್ಥ. ಆ ಹೊತ್ತಿಗೆ ಉಳಿಯುವುದು ನೆರೆಮನೆಯವರು ಮಾತ್ರ.

ಮೂರನೆಯದು ಮನೆಯ ತಯಾರಿ. ಭೂಮಿಯ ಕಾಗದ, ರೇಶನ್ ಕಾರ್ಡ್, ಸಂಘದ ಪಾಸ್‌ಬುಕ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಕುಡಿಯುವ ನೀರು, ಮದ್ದು, ಟಾರ್ಚ್ ಕೈಗೆ ಸಿಗುವ ಹಾಗಿರಲಿ. ಹಟ್ಟಿಯಲ್ಲೇ ಬಿಟ್ಟು ಹೋಗುವುದಾದರೆ ದನದ ಹಗ್ಗ ಬಿಚ್ಚಿ. ತುಫಾನಿನ ನಡುವೆ ಗಾಳಿ ಒಮ್ಮೆಲೇ ನಿಂತರೆ ಮುಗಿಯಿತು ಅಂತ ಹೊರಗೆ ಬರಬೇಡಿ. ಅದು ಅದರ ಕಣ್ಣು. ಸ್ವಲ್ಪ ಹೊತ್ತಿಗೆ ಗಾಳಿ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಬರುತ್ತದೆ. ಬಿದ್ದ ಕರೆಂಟಿನ ತಂತಿಯ ಹತ್ತಿರ ಮಕ್ಕಳನ್ನು ಬಿಡಬೇಡಿ.

ಕೊನೆಯದಾಗಿ, ಈ ಬೆಳ್ಳಿಹಬ್ಬದ ನೆನಪಿಗೆ ಕಟ್ಟಲಿರುವ ಮಾಳಿಗೆಯನ್ನು ಬಾಡಿಗೆಗೆ ಕೊಡುವಾಗ ಒಂದು ಷರತ್ತು ಇರಲಿ: ಕೆಂಪು ಎಚ್ಚರಿಕೆ ಬಂದ ದಿನ ಅದು ಊರಿನ ಆಸರೆ. ಬೀಗದ ಕೈ ಇಬ್ಬರ ಬಳಿ ಇರಬೇಕು. ಮುಂದಿನ ಮಹಾಸಭೆಯಲ್ಲಿ ಇದನ್ನು ಠರಾವು ಮಾಡಬೇಕೆಂದು ನಿರ್ದೇಶಕರಲ್ಲಿ ವಿನಂತಿ.

ತುಫಾನನ್ನು ತಡೆಯುವ ಶಕ್ತಿ ಯಾರಿಗೂ ಇಲ್ಲ. ಒಬ್ಬರ ಕಷ್ಟಕ್ಕೆ ಹತ್ತು ಜನ ಆಗುವುದೇ ಸಹಕಾರ ಎಂದು ನಂಬಿ ನಮ್ಮ ಹಿರಿಯರು ಈ ಸಂಘ ಕಟ್ಟಿದರು. ಆ ಅಮ್ಮನ ಹೆಸರಿಗೆ ಪಾಲು ಈಗ ವರ್ಗವಾಗಿದೆ. ಅವರು ಇವತ್ತು ಸಭೆಗೂ ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.