ಲೆಕ್ಕ ಹಾಕಿದ ದಾದಿ

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಆಸ್ಪತ್ರೆಯ ಲೆಕ್ಕಾಚಾರದಲ್ಲಿ ಏನು ಕೆಲಸವೆಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸಬಹುದು. ನಿಜಕ್ಕೂ ಕೆಲಸವೇನೂ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಒಂದು ದೊಡ್ಡ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನಾಲ್ಕು ರಾತ್ರಿ ಅವನ ಮಗ್ಗುಲಲ್ಲಿ ನಾನು ಕುಳಿತಿರಬೇಕಾಯಿತು. ಎರಡನೆಯ ರಾತ್ರಿ ಡ್ರಿಪ್ಪಿನ ಬಾಟಲಿ ಬರಿದಾಗುತ್ತ ಬಂತು. ದಾದಿಯ ಮೇಜಿನ ಬಳಿಗೆ ಮೂರು ಸಲ ಹೋದೆ. ಮೂರು ಸಲವೂ ಕುರ್ಚಿ ಖಾಲಿ. ಕೊನೆಗೊಮ್ಮೆ ಆಕೆ ಓಡಿಬಂದಾಗ, ಅಷ್ಟು ವರ್ಷದ ಮೇಷ್ಟ್ರುಗಿರಿಯಲ್ಲಿ ಎಂಥ ಪೋಲಿ ವಿದ್ಯಾರ್ಥಿಗೂ ಆಡದಿದ್ದ ಮಾತನ್ನು ಆಡಿಬಿಟ್ಟೆ. ಆಕೆ ಎದುರಾಡಲಿಲ್ಲ. ಬಾಟಲಿ ಬದಲಿಸಿ, ಕೈಗಡಿಯಾರ ನೋಡುತ್ತ ಹನಿಗಳ ವೇಗವನ್ನು ಸರಿಪಡಿಸಿ, ಬಂದಷ್ಟೇ ಬೇಗ ಹೊರಟುಹೋದರು.

ಬೆಳಗಾದ ಮೇಲೆ ಹಾಸಿಗೆಗಳನ್ನು ಎಣಿಸಿದೆ. 34. ರಾತ್ರಿಯ ಪಾಳಿಗೆ ಇದ್ದದ್ದು ಒಬ್ಬ ದಾದಿ, ಒಬ್ಬಳು ಆಯಾ. ನಾನು ಮೇಜಿನ ಮುಂದೆ ಹಲ್ಲು ಕಡಿಯುತ್ತ ನಿಂತಿದ್ದ ಹೊತ್ತಿನಲ್ಲಿ ಆಕೆ ವಾರ್ಡಿನ ಆ ತುದಿಯಲ್ಲಿ, ಉಸಿರಿಗಾಗಿ ಒದ್ದಾಡುತ್ತಿದ್ದ ಮುದುಕರೊಬ್ಬರ ಬಳಿ ಇದ್ದರೆಂದು ಪಕ್ಕದ ಹಾಸಿಗೆಯವರು ತಿಳಿಸಿದರು. ಒಬ್ಬರು 34 ಜನರನ್ನು ನೋಡಿಕೊಳ್ಳುವುದು ಸಾಧ್ಯವೇ? ಸಾಧ್ಯವಲ್ಲದಿದ್ದರೆ ಎಷ್ಟು ಜನರನ್ನು ನೋಡಿಕೊಳ್ಳಬಹುದು? ಇದನ್ನು ಯಾರಾದರೂ ಲೆಕ್ಕ ಹಾಕಿದ್ದಾರೆಯೆ? ಈ ಪ್ರಶ್ನೆಗಳು ನನ್ನನ್ನು ಬಿಡಲಿಲ್ಲ. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕೇಳಿದೆ. ಆಕೆ ಒಂದು ಕಟ್ಟು ಲೇಖನಗಳನ್ನು ತಂದುಕೊಟ್ಟು, "ಲೆಕ್ಕ ಹಾಕಿದ್ದಾರೆ ಸಾರ್, ಲೆಕ್ಕ ಹಾಕಿದವರೂ ಒಬ್ಬ ದಾದಿಯೇ" ಎಂದಳು. ಇಂದು ನಾನು ಹೇಳಹೊರಟಿರುವುದು ಆ ದಾದಿಯ ವಿಷಯ.

ಅದಕ್ಕೆ ಮೊದಲು ನಮ್ಮ ಕಡೆಯದೊಂದು ಮಾತು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರಬೇಕಾದ ಗುಣಗಳೂ ನಾಲ್ಕು. ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಇದಕ್ಕಿಂತ ಅಡಕವಾಗಿ ಹೇಳುವುದು ಇಂದಿನವರಿಗೂ ಕಷ್ಟವೇ. ಆದರೆ ಈ ನಾಲ್ಕೂ ಗುಣಗಳುಳ್ಳ ಒಬ್ಬ ಪರಿಚಾರಕನಿಗೆ ರೋಗಿಗಳು ಎಷ್ಟು ಮಂದಿ? ಆ ಪಟ್ಟಿಯಲ್ಲಿ ಅದಿಲ್ಲ. ಅಂದಿನಿಂದ ಇಂದಿನವರೆಗೆ ನಾವು ಗುಣವನ್ನೇ ಹಾಡಿ ಹೊಗಳುತ್ತ ಬಂದಿದ್ದೇವೆ. ಪ್ರತಿ ವರ್ಷ ಮೇ 12ರಂದು ನೈಟಿಂಗೇಲ್ ಅವರ ಜನ್ಮದಿನದಲ್ಲಿ ದೀಪ ಹಚ್ಚುತ್ತೇವೆ, ತ್ಯಾಗ, ಕರುಣೆ, ತಾಯ್ತನ ಎಂದು ಭಾಷಣ ಮಾಡುತ್ತೇವೆ. ನೈಟಿಂಗೇಲ್ ಅವರ ಕೈಯಲ್ಲಿ ದೀಪವಿದ್ದಂತೆ ಅಂಕಿಅಂಶದ ಕೋಷ್ಟಕವೂ ಇತ್ತು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಸದಸ್ಯೆಯಾಗಿ ಆಯ್ಕೆಯಾದ ಮೊದಲ ಮಹಿಳೆ ಅವರು. ದೀಪ ನಮ್ಮ ನೆನಪಿನಲ್ಲಿ ಉಳಿಯಿತು, ಕೋಷ್ಟಕ ಉಳಿಯಲಿಲ್ಲ.

ನಾನು ಹೇಳಬೇಕೆಂದಿರುವ ದಾದಿಯ ಹೆಸರು ಲಿಂಡಾ ಏಕನ್. ಅಮೆರಿಕದವರು. ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿ ನರ್ಸಿಂಗ್ ಕಲಿತು, 1964ರಲ್ಲಿ ಪದವಿಯನ್ನೂ 1966ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ದಾದಿಯಾಗಿ ದುಡಿದ ಮೇಲೆ ಅವರು ಓದಿದ್ದು ವೈದ್ಯಶಾಸ್ತ್ರವನ್ನಲ್ಲ, ಸಮಾಜಶಾಸ್ತ್ರವನ್ನು. 1973ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದಿಂದ ಆ ವಿಷಯದಲ್ಲಿ ಡಾಕ್ಟರೇಟ್ ಪಡೆದರು. ಆರೋಗ್ಯಕ್ಕಾಗಿ ಹಣ ಕೊಡುವ ಒಂದು ದೊಡ್ಡ ಧರ್ಮಸಂಸ್ಥೆಯಲ್ಲಿ ಹಲವು ವರ್ಷ ಇದ್ದು, 1988ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ರೋಗಿಯನ್ನು ನೋಡಿದ ಕಣ್ಣು ಆಸ್ಪತ್ರೆಯನ್ನು ನೋಡಲು ತೊಡಗಿದ್ದು ಹೀಗೆ.

ಅಮೆರಿಕದಲ್ಲಿ 1980ರ ದಶಕದಲ್ಲಿ ದಾದಿಯರ ಅಭಾವವೆಂಬ ಕೂಗು ದೊಡ್ಡದಾಗಿತ್ತು. ಆದರೆ ಎಲ್ಲ ಆಸ್ಪತ್ರೆಗಳಲ್ಲಿಯೂ ಅಲ್ಲ. ಕೆಲವು ಆಸ್ಪತ್ರೆಗಳಿಗೆ ದಾದಿಯರು ತಾವಾಗಿ ಬರುತ್ತಿದ್ದರು, ಬಂದವರು ಬಿಟ್ಟುಹೋಗುತ್ತಿರಲಿಲ್ಲ. ದಾದಿಯರ ವಿದ್ವತ್ಸಂಸ್ಥೆಯೊಂದು 1983ರಲ್ಲಿ ಅಂಥ 41 ಆಸ್ಪತ್ರೆಗಳನ್ನು ಗುರುತಿಸಿ, ಅವಕ್ಕೆ ಸೂಜಿಗಲ್ಲಿನ ಹೆಸರನ್ನು ಕೊಟ್ಟಿತು. ಏಕನ್ ಕೇಳಿದ ಪ್ರಶ್ನೆ ಸರಳ: ದಾದಿಯರು ನೆಲೆನಿಂತ ಈ ಆಸ್ಪತ್ರೆಗಳಲ್ಲಿ ರೋಗಿಗಳ ಗತಿಯೇನು? ಅವುಗಳ ಪೈಕಿ 39ನ್ನು ಅದೇ ಬಗೆಯ ಬೇರೆ 195 ಆಸ್ಪತ್ರೆಗಳೊಡನೆ ಹೋಲಿಸಿ 1994ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಅಧ್ಯಯನದಲ್ಲಿ, ಸೂಜಿಗಲ್ಲು ಆಸ್ಪತ್ರೆಗಳಲ್ಲಿ ವೃದ್ಧ ರೋಗಿಗಳ ಮರಣಪ್ರಮಾಣ ಶೇ. 4.6ರಷ್ಟು ಕಡಿಮೆಯೆಂದು ಕಂಡಿತು. ದಾದಿಯರಿಗೆ ಹಿತವಾದ ಜಾಗ ರೋಗಿಗೂ ಹಿತ.

ಅದೇ ದಶಕದಲ್ಲಿ ಅಲ್ಲಿನ ಆಸ್ಪತ್ರೆಗಳು ಖರ್ಚು ಇಳಿಸಲು ಹೊರಟವು. ಕತ್ತರಿ ಮೊದಲು ಬೀಳುವುದು ಎಲ್ಲಿ? ಅಮೆರಿಕದ ಆಸ್ಪತ್ರೆಯ ಬಿಲ್ಲಿನಲ್ಲಿ ದಾದಿಯ ಕೆಲಸಕ್ಕೆ ಪ್ರತ್ಯೇಕ ಸಾಲು ಇರುವುದಿಲ್ಲ. ಅದು ಕೊಠಡಿಯ ಬಾಡಿಗೆಯೊಳಗೆ ಸೇರಿಹೋಗಿರುತ್ತದೆ, ಹಾಸಿಗೆ ದಿಂಬುಗಳ ಜೊತೆಯಲ್ಲಿ. ವೈದ್ಯನದು ಆದಾಯ, ದಾದಿಯದು ವೆಚ್ಚ. ಬಿಲ್ಲಿನಲ್ಲಿ ಹೆಸರಿಲ್ಲದ ಕೆಲಸವನ್ನು ಕಡಿಮೆಮಾಡಿದರೆ ನಷ್ಟವೆಷ್ಟೆಂದು ಯಾವ ಲೆಕ್ಕಪತ್ರವೂ ತೋರಿಸಲಾರದು. ಏಕನ್ ಬರೆಯಹೊರಟದ್ದು ಈ ಕಾಣದ ಸಾಲನ್ನು.

ಅವರೂ ಸಹೋದ್ಯೋಗಿಗಳೂ 2002ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಇದೇ ವಿಷಯದ್ದು. ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳು. ಶಸ್ತ್ರಚಿಕಿತ್ಸೆಯಾದ 2,32,342 ರೋಗಿಗಳ ದಾಖಲೆ. 10,184 ದಾದಿಯರು ಕೊಟ್ಟ ಉತ್ತರ. ಒಬ್ಬ ದಾದಿಗೆ ಸರಾಸರಿ ನಾಲ್ಕು ರೋಗಿಗಳಿರುವ ಆಸ್ಪತ್ರೆಗಳೂ ಇದ್ದವು, ಎಂಟು ರೋಗಿಗಳಿರುವವೂ ಇದ್ದವು. ರೋಗಿಗಳ ವಯಸ್ಸು, ಕಾಯಿಲೆಯ ತೀವ್ರತೆ, ಆಸ್ಪತ್ರೆಯ ಗಾತ್ರ, ಅಲ್ಲಿನ ಯಂತ್ರಸಾಮಗ್ರಿ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ, ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಮೂವತ್ತು ದಿನಗಳೊಳಗೆ ರೋಗಿ ಸಾಯುವ ಸಂಭವ ಶೇ. 7ರಷ್ಟು ಹೆಚ್ಚುತ್ತಿತ್ತು. ಏಳು ಎಂದರೆ ಅಲ್ಪವೆಂದು ತೋರೀತು. ಆದರೆ ಇದು ಸರಳ ಬಡ್ಡಿಯಲ್ಲ, ಚಕ್ರಬಡ್ಡಿ. ನಾಲ್ಕು ಇದ್ದದ್ದು ಆರಾದರೆ ಶೇ. 14, ಎಂಟಾದರೆ ಶೇ. 31. ಅದೇ ಒಬ್ಬ ಹೆಚ್ಚಿನ ರೋಗಿಯಿಂದ ದಾದಿ ದಣಿದು ಬತ್ತಿಹೋಗುವ ಸಂಭವವೂ ಶೇ. 23ರಷ್ಟು ಏರುತ್ತಿತ್ತು. ದಣಿದವರು ಬಿಟ್ಟುಹೋಗುತ್ತಾರೆ, ಉಳಿದವರ ಪಾಲಿಗೆ ಇನ್ನೊಬ್ಬ ರೋಗಿ ಸೇರುತ್ತಾನೆ. ಚಕ್ರ ಹೀಗೆ ತಿರುಗುತ್ತದೆ.

ಇದು ಹೇಗೆ ನಡೆಯುತ್ತದೆ? ಶಸ್ತ್ರಚಿಕಿತ್ಸೆಯ ನಂತರ ತೊಡಕುಗಳು ಎಲ್ಲ ಆಸ್ಪತ್ರೆಗಳಲ್ಲಿಯೂ ಬರುತ್ತವೆ: ರಕ್ತಸ್ರಾವ, ನಂಜು, ಶ್ವಾಸಕೋಶದಲ್ಲಿ ಹೆಪ್ಪು. ವೈದ್ಯರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರುತ್ತಾರೆ. ಮಧ್ಯರಾತ್ರಿಯಲ್ಲಿ ರೋಗಿಯ ಮೈ ತಣ್ಣಗಾದುದನ್ನು, ಮಾತು ತೊದಲಿದುದನ್ನು, ಮೂತ್ರ ಕಡಿಮೆಯಾದುದನ್ನು ಕಂಡು ವೈದ್ಯರನ್ನು ಎಬ್ಬಿಸುವವರು ಯಾರು? ತೊಡಕು ಬಂದ ರೋಗಿ ಉಳಿಯದೆ ಹೋಗುವುದನ್ನು ಆ ಅಧ್ಯಯನ ಬೇರೆಯಾಗಿ ಎಣಿಸಿತು. ಅಲ್ಲಿಯೂ ಅದೇ ಶೇ. 7. ಇದನ್ನು ಓದುತ್ತಿದ್ದಾಗ ನನ್ನೊಳಗಿನ ಕನ್ನಡ ಮೇಷ್ಟ್ರು ಎದ್ದು ಕುಳಿತರೆಂದು ಹೇಳಬೇಕು. ನಾವು ದಾದಿಯ ಕೆಲಸಕ್ಕೆ ಶುಶ್ರೂಷೆ ಎನ್ನುತ್ತೇವೆ. ಸಂಸ್ಕೃತದಲ್ಲಿ ಆ ಪದ ಹುಟ್ಟಿದ್ದು 'ಶ್ರು' ಧಾತುವಿನಿಂದ. ಅದರ ಮೂಲಾರ್ಥ ಸೇವೆಯಲ್ಲ; ಕೇಳಬೇಕೆಂಬ ಇಚ್ಛೆ. ಗುರುವಿನ ಮಾತನ್ನು ಕಿವಿಗೊಟ್ಟು ಕೇಳುವ ಶಿಷ್ಯನ ಗುಣವಾಗಿದ್ದದ್ದು ಆಮೇಲೆ ಸೇವೆಯಾಯಿತು, ಅನಂತರ ರೋಗಿಯ ಆರೈಕೆಯಾಯಿತು. ನಾನು ಈ ವ್ಯುತ್ಪತ್ತಿಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಪರೀಕ್ಷೆಯಲ್ಲಿ ಕೇಳಿಯೂ ಇದ್ದೇನೆ. 34 ಜನರ ನಡುವೆ ಒಬ್ಬರು ಏನನ್ನು ಕೇಳಿಸಿಕೊಂಡಾರು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಆಕ್ಷೇಪಗಳು ಬಾರದೆ ಇರಲಿಲ್ಲ. ಎರಡು ಸಂಗತಿಗಳು ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೇ ಎಂಬುದು ಅವುಗಳಲ್ಲಿ ಮುಖ್ಯವಾದುದು, ನ್ಯಾಯವಾದುದೂ ಹೌದು. ಉತ್ತರ ನಿಧಾನವಾಗಿ ಬಂತು. ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲಿ ಕಾಯಿದೆ ಮಾಡಿ, 2004ರಿಂದ ಒಬ್ಬ ದಾದಿಗೆ ಇಷ್ಟೇ ರೋಗಿಗಳೆಂದು ಮಿತಿ ಹಾಕಿತು. ಸಾಮಾನ್ಯ ವಾರ್ಡಿನಲ್ಲಿ ಮೊದಲು ಆರು, ಆಮೇಲೆ ಐದು. ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾಗಳಲ್ಲಿಯೂ ಆ ಪ್ರಮಾಣವೇ ಇದ್ದಿದ್ದರೆ ಶಸ್ತ್ರಚಿಕಿತ್ಸೆಯ ರೋಗಿಗಳ ಮರಣ ಕ್ರಮವಾಗಿ ಶೇ. 13.9 ಮತ್ತು 10.6ರಷ್ಟು ಕಡಿಮೆಯಾಗುತ್ತಿತ್ತೆಂದು ಏಕನ್ ತಂಡ 2010ರಲ್ಲಿ ಅಂದಾಜು ಮಾಡಿತು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ, ನಾಲ್ಕು ಲಕ್ಷಕ್ಕೆ ಮೀರಿದ ರೋಗಿಗಳನ್ನು ಕುರಿತ ಅಧ್ಯಯನದಲ್ಲಿ ಮತ್ತೆ ಅದೇ ಶೇ. 7 ಬಂತು. ಅಷ್ಟೇ ಅಲ್ಲದೆ, ಪದವಿ ಪಡೆದ ದಾದಿಯರ ಪಾಲು ನೂರಕ್ಕೆ ಹತ್ತು ಹೆಚ್ಚಾದರೆ ಸಾವಿನ ಸಂಭವ ಶೇ. 7ರಷ್ಟು ಇಳಿಯುತ್ತದೆಂಬುದೂ ಕಂಡಿತು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ 2016ರ ಕಾಯಿದೆಗೆ ಮುಂಚೆಯೂ ಆಮೇಲೆಯೂ ನೋಡಿದರು. ಹೆಚ್ಚಿನ ದಾದಿಯರಿಗೆ ಕೊಟ್ಟ ಸಂಬಳದ ಸುಮಾರು ಎರಡರಷ್ಟು ಹಣ, ರೋಗಿಗಳು ಬೇಗ ಮನೆಗೆ ಹೋದುದರಿಂದಲೂ ಮರಳಿ ದಾಖಲಾಗುವುದು ತಪ್ಪಿದುದರಿಂದಲೂ ಉಳಿಯಿತೆಂದು 2021ರಲ್ಲಿ ಪ್ರಕಟವಾಯಿತು. ಉಳಿತಾಯದ ಹೆಸರಿನಲ್ಲಿ ದಾದಿಯರನ್ನು ಕಡಿಮೆ ಮಾಡಿದವರು ಓದಬೇಕಾದ ಲೆಕ್ಕವಿದು.

ಈ ಸಂಖ್ಯೆಗಳನ್ನು ನಮ್ಮ ದೇಶಕ್ಕೆ ಹಾಗೆಯೇ ಎತ್ತಿ ತರಲಾಗದು. ನಾಲ್ಕೇ ಎಂಟೇ ಎಂದು ಅಲ್ಲಿ ವಾದಿಸುವಾಗ ನಾವು ಬೇರೆಯೇ ಲೋಕದಲ್ಲಿದ್ದೇವೆ. 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಆಗಿನ ಭಾರತದಲ್ಲಿ ಇದ್ದ ದಾದಿಯರು ಸುಮಾರು 7,000, ಅಂದರೆ 43,000 ಜನರಿಗೆ ಒಬ್ಬರು. ಅಲ್ಲಿಂದ ಬಹಳ ದೂರ ಬಂದಿದ್ದೇವೆ ನಿಜ. ನಮ್ಮ ಕರ್ನಾಟಕದಲ್ಲಿಯೇ ನೂರಾರು ನರ್ಸಿಂಗ್ ಕಾಲೇಜುಗಳಿವೆ. ಕೇರಳದಿಂದ ಬಂದು ಕಲಿಯುವ ಮಕ್ಕಳನ್ನು ಬೆಂಗಳೂರು, ಮಂಗಳೂರುಗಳಲ್ಲಿ ಯಾರೂ ನೋಡಿರುತ್ತಾರೆ. ಕಲಿತವರಲ್ಲಿ ಎಷ್ಟೋ ಮಂದಿ ಕೊಲ್ಲಿ ದೇಶಗಳಿಗೆ, ಇಂಗ್ಲೆಂಡಿಗೆ ಹೋಗುತ್ತಾರೆ. ಅವರನ್ನು ದೂರುವುದು ಸುಲಭ. ಏಕನ್ 2004ರಲ್ಲಿಯೇ ಸಹಲೇಖಕರೊಡನೆ ಈ ವಲಸೆಯನ್ನು ಕುರಿತು ಬರೆಯುತ್ತ, ಶ್ರೀಮಂತ ದೇಶಗಳು ಪರರ ದಾದಿಯರನ್ನು ನೆಚ್ಚದೆ ತಮ್ಮವರನ್ನು ತಾವೇ ತಯಾರುಮಾಡಿ ಉಳಿಸಿಕೊಳ್ಳಬೇಕೆಂಬ ನಿಲುವನ್ನು ಮುಂದಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ 2023ರಲ್ಲಿ ಜಗತ್ತಿನಲ್ಲಿದ್ದ ದಾದಿಯರು 2 ಕೋಟಿ 98 ಲಕ್ಷ. ಕೊರತೆ 58 ಲಕ್ಷ.

ನಮ್ಮಲ್ಲಿ ಪ್ರಮಾಣವೆಂಬುದು ಇಲ್ಲವೇ ಎಂದು ಕೇಳಬಹುದು. ಇದೆ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂರು ಹಾಸಿಗೆಗೆ ಒಬ್ಬ ದಾದಿ ಎಂಬ ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಮಾಣ ಬಹುಕಾಲದಿಂದ ಬಳಕೆಗೆ ಬಂದದ್ದು. ಇದನ್ನು ಕೇಳಿದಾಗ ನಾವು ಕ್ಯಾಲಿಫೋರ್ನಿಯಾವನ್ನೂ ಮೀರಿಸಿದೆವೆಂದು ನಾನು ಹಿಗ್ಗಿದೆ. ನನ್ನ ವಿದ್ಯಾರ್ಥಿನಿ ನಕ್ಕಳು. ಅಲ್ಲಿ ಐದು ಎಂದರೆ ಯಾವ ಗಳಿಗೆಯಲ್ಲಿ ಹೋಗಿ ನೋಡಿದರೂ ಐದು. ಇಲ್ಲಿ ಮೂರು ಎಂಬುದು ಹಾಜರಿ ಪುಸ್ತಕದ ಮೂರು. 30 ಹಾಸಿಗೆಗೆ 10 ಮಂದಿ ಎಂದಿಟ್ಟುಕೊಳ್ಳಿ. ದಿನಕ್ಕೆ ಮೂರು ಪಾಳಿ, ವಾರಕ್ಕೆ 21. ಒಬ್ಬೊಬ್ಬರಿಗೆ ವಾರಕ್ಕೊಂದು ರಜೆಯಾದರೆ ಹತ್ತು ಮಂದಿಯಿಂದ ದೊರೆಯುವುದು 60 ಸರದಿ. 21 ಪಾಳಿಗಳಿಗೆ ಹಂಚಿದರೆ ಪಾಳಿಗೆ ಮೂವರೂ ಪೂರ್ತಿಯಾಗಿ ಸಿಗುವುದಿಲ್ಲ. ಒಬ್ಬರಿಗೆ ಹತ್ತು ರೋಗಿಗಳಾಯಿತು. ಇನ್ನು ಜ್ವರ, ಹೆರಿಗೆ, ಮನೆಯ ಮದುವೆ ಮುಂಜಿಗಳಿಗೆ ರಜೆ. ಅದಕ್ಕೆ ಬದಲಿಯಾಗಿ ಶೇ. 30ರಷ್ಟು ಹೆಚ್ಚು ಜನರಿರಬೇಕೆಂದು ಪ್ರಮಾಣವೇ ಹೇಳುತ್ತದೆ. ಆ ಹುದ್ದೆಗಳು ಭರ್ತಿಯಾಗದೆ ಉಳಿದರೆ ಹತ್ತು ಹದಿನೈದಾಗುತ್ತದೆ, ಹಗಲಿಗೆ ಜನ ಬೇಕೆಂದು ರಾತ್ರಿಯಿಂದ ಒಬ್ಬರನ್ನು ಕಿತ್ತರೆ ಮೂವತ್ತಾಗುತ್ತದೆ. ಯಾವ ಅಧಿಕಾರಿಯೂ ಸುಳ್ಳು ಬರೆಯದೆ, ಯಾವ ನಿಯಮವನ್ನೂ ರದ್ದುಮಾಡದೆ, ಮೂರು ಹೀಗೆ ಮೂವತ್ತಾಗಬಲ್ಲುದು. ನಮ್ಮ ವಾರ್ಡಿನ 34 ನನಗೆ ಅರ್ಥವಾದದ್ದು ಆಗ.

ಈಚಿನದೊಂದು ಸಂಗತಿ ಹೇಳಬೇಕು. ಕೋವಿಡ್ ಕಾಲದ ಬಳಲಿಕೆಯ ಮೇಲೆ, ಅಮೆರಿಕದ 60 ಸೂಜಿಗಲ್ಲು ಆಸ್ಪತ್ರೆಗಳ ವೈದ್ಯರನ್ನೂ ದಾದಿಯರನ್ನೂ ನಿಮಗೆ ಏನು ಬೇಕೆಂದು ಏಕನ್ ತಂಡ ಕೇಳಿತು. 2023ರಲ್ಲಿ ಪ್ರಕಟವಾದ ಉತ್ತರದಲ್ಲಿ ಎರಡು ಕಡೆಯವರೂ ಮುಂದಿಟ್ಟದ್ದು ದಾದಿಯರ ಸಂಖ್ಯೆಯನ್ನು ಹೆಚ್ಚಿಸಿ ಎಂಬುದನ್ನು. ಮನಸ್ಸನ್ನು ಗಟ್ಟಿಮಾಡಿಕೊಳ್ಳುವ ಶಿಬಿರಗಳು ಪಟ್ಟಿಯ ಕೆಳಗೆ ಉಳಿದವು.

ಅಣ್ಣನನ್ನು ಮನೆಗೆ ಕರೆದೊಯ್ಯುವ ದಿನ ಆ ದಾದಿಯನ್ನು ಹುಡುಕಿಕೊಂಡು ಹೋದೆ. ಆಗ ನನಗೆ ಈ ಲೆಕ್ಕಗಳಾವುವೂ ತಿಳಿದಿರಲಿಲ್ಲ, 34 ಎಂಬುದೊಂದು ತಿಳಿದಿತ್ತು. ಆಕೆ ಹಗಲಿನ ಪಾಳಿಗೆ ಬಂದಿದ್ದರು, ಔಷಧದ ತಟ್ಟೆ ಹಿಡಿದು ನಡೆಯುತ್ತಿದ್ದರು. ಜೊತೆಯಲ್ಲಿ ನಡೆಯುತ್ತಲೇ, ಆ ರಾತ್ರಿ ನಾನು ಹಾಗೆ ಮಾತನಾಡಬಾರದಾಗಿತ್ತು, ತಪ್ಪಾಯಿತಮ್ಮ ಎಂದೆ. ಆಕೆ ನಿಂತು ನನ್ನ ಮುಖ ನೋಡಿದರು. ನೆನಪಿಗೆ ಬರಲಿಲ್ಲವೆಂದು ಕಾಣುತ್ತದೆ.

"ಯಾವ ಹಾಸಿಗೆ ಸಾರ್?"

"ಹದಿನೇಳು."

"ಓ, ಪಿತ್ತಕೋಶದ ತಾತ. ಹೊಲಿಗೆ ಬಿಚ್ಚೋಕೆ ಎಂಟನೇ ದಿನ ಕರ್ಕೊಂಡು ಬನ್ನಿ, ಮರೀಬೇಡಿ" ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು.