ಆಟದೊಳಗಿನ ಪಾಠ, ಪಾಠದೊಳಗಿನ ಪ್ರಶ್ನೆ

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಕ್ಕಳ ಕಂಪ್ಯೂಟರ್ ಆಟದ ಮಾತು ಬಂದೊಡನೆ ನಮ್ಮ ಮನೆಗಳಲ್ಲಿ ಎರಡು ನಿಲುವುಗಳು ಕಂಡುಬರುತ್ತವೆ. ಆಟವೆಂದರೆ ಕಾಲಹರಣ, ಅದನ್ನು ಮುಟ್ಟಲೇಬಾರದು ಎಂಬುದು ಒಂದು. ಮಗು ಗಲಾಟೆ ಮಾಡದಿದ್ದರೆ ಸಾಕು, ಏನನ್ನಾದರೂ ಆಡಿಕೊಳ್ಳಲಿ ಎಂಬುದು ಇನ್ನೊಂದು. ಮೊದಲನೆಯದು ಶಿಸ್ತಿನಂತೆ, ಎರಡನೆಯದು ಔದಾರ್ಯದಂತೆ ತೋರುತ್ತದೆ. ವಸ್ತುತಃ ಎರಡರಲ್ಲೂ ಇರುವ ಕೊರತೆ ಒಂದೇ. ಮಗು ಆಡುತ್ತಿರುವುದು ಏನೆಂದು ನಾವು ಕುಳಿತು ನೋಡಿಲ್ಲ.

ಹಾಗೆ ನೋಡಬೇಕಾದ ಅಗತ್ಯವೇನೆಂಬುದನ್ನು ಒಂದು ಹಳೆಯ ಆಟದ ಮೂಲಕ ವಿವರಿಸಲು ಬಯಸುತ್ತೇನೆ.

1971ರ ಡಿಸೆಂಬರ್ ತಿಂಗಳು. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಡಾನ್ ರಾವಿಟ್ಷ್ ಎಂಬ ತರಬೇತಿ ಶಿಕ್ಷಕರು ಎಂಟನೆಯ ತರಗತಿಗೆ ಇತಿಹಾಸ ಬೋಧಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಜನರು ಎತ್ತಿನ ಬಂಡಿಗಳಲ್ಲಿ ಸುಮಾರು 3,200 ಕಿಲೋಮೀಟರ್ ಕ್ರಮಿಸಿ ಪಶ್ಚಿಮದ ಒರೆಗಾನ್ ಪ್ರದೇಶಕ್ಕೆ ವಲಸೆ ಹೋದ ಪಾಠವದು. ಅವರೊಂದಿಗೆ ವಾಸವಾಗಿದ್ದ ಗಣಿತ ಶಿಕ್ಷಕರಾದ ಬಿಲ್ ಹೈನೆಮನ್ ಮತ್ತು ಪಾಲ್ ಡಿಲೆನ್‌ಬರ್ಗರ್ ಆ ಪಾಠವನ್ನು ಕಂಪ್ಯೂಟರ್ ಆಟವಾಗಿಸಲು ನೆರವಾದರು. ಆ ಯಂತ್ರಕ್ಕೆ ಪರದೆಯೇ ಇರಲಿಲ್ಲ. ಪ್ರಶ್ನೆಗಳು ಕಾಗದದ ಮೇಲೆ ಅಚ್ಚಾಗಿ ಬರುತ್ತಿದ್ದವು, ಮಕ್ಕಳು ಬೆರಳಚ್ಚು ಮಾಡಿ ಉತ್ತರಿಸುತ್ತಿದ್ದರು. ಅದೇ 'ಒರೆಗಾನ್ ಟ್ರೇಲ್'. ಆಪಲ್ ಕಂಪ್ಯೂಟರಿಗಾಗಿ 1985ರಲ್ಲಿ ಹೊಸದಾಗಿ ರೂಪುಗೊಂಡ ಬಳಿಕ ಅದು ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲೂ ಮನೆಮಾತಾಯಿತು.

ಈ ಆಟದಲ್ಲಿ ಮಗು ವಿದ್ಯಾರ್ಥಿಯಲ್ಲ, 1848ರಲ್ಲಿ ಪಯಣ ಹೊರಟ ಕುಟುಂಬದ ಯಜಮಾನ. ಕೈಯಲ್ಲಿರುವ ಹಣದಿಂದ ಎತ್ತು, ಆಹಾರ, ಬಟ್ಟೆ, ಮದ್ದುಗುಂಡು ಕೊಳ್ಳಬೇಕು. ಎತ್ತುಗಳಿಗೆ ಹೆಚ್ಚು ಖರ್ಚಾದರೆ ಆಹಾರಕ್ಕೆ ಸಾಲದು. ಇದು ಗಣಿತ. ಬೇಗ ಹೊರಟರೆ ಎತ್ತುಗಳಿಗೆ ಹುಲ್ಲಿಲ್ಲ, ತಡವಾದರೆ ಬೆಟ್ಟಗಳಲ್ಲಿ ಹಿಮ ಅಡ್ಡಗಟ್ಟುತ್ತದೆ. ಇದು ಭೂಗೋಳ. ಹೊಳೆ ಎದುರಾದಾಗ ಆಳವೆಷ್ಟು, ಅಗಲವೆಷ್ಟು ಎಂದು ನೋಡಿ, ಬಂಡಿಯನ್ನು ನೀರಿಗಿಳಿಸಬೇಕೋ ಹಣ ಕೊಟ್ಟು ದಾಟಿಸಬೇಕೋ ಎಂದು ತೀರ್ಮಾನಿಸಬೇಕು. ಪಡಿತರ ಕಡಿತಗೊಳಿಸಿ ಬಂಡಿಯನ್ನು ಬಿಡುವಿಲ್ಲದೆ ಓಡಿಸಿದರೆ ಮನೆಮಂದಿ ಕಾಲರಾ, ಆಮಶಂಕೆಗಳಿಗೆ ತುತ್ತಾಗುವ ಅಪಾಯ ಹೆಚ್ಚುತ್ತದೆ. ಇದು ಆರೋಗ್ಯ ವಿಜ್ಞಾನ. ಇವೆಲ್ಲವನ್ನೂ ಓದಿ ಅರ್ಥಮಾಡಿಕೊಳ್ಳದೆ ಒಂದು ಹೆಜ್ಜೆಯೂ ಮುಂದಿಡಲಾಗದು. ಅದುವೇ ಭಾಷಾ ಕಲಿಕೆ.

ಗಮನಿಸಿ, ಇಲ್ಲಿ ವಿಷಯಗಳ ನಡುವೆ ಗೋಡೆಗಳಿಲ್ಲ. ಶಾಲೆಯಲ್ಲಿ 'ಈ ಲೆಕ್ಕ ಯಾಕೆ?' ಎಂದು ಕೇಳುವ ಮಗು ಇಲ್ಲಿ ಕೇಳುವುದಿಲ್ಲ. ಲೆಕ್ಕ ತಪ್ಪಿದರೆ ತನ್ನವರು ಹಸಿವಿನಿಂದಿರಬೇಕಾಗುತ್ತದೆಂದು ಅದಕ್ಕೆ ಗೊತ್ತಿದೆ. ಪಾತ್ರ ವಹಿಸಿ ಆಡುವ ಆಟದ ಶಕ್ತಿ ಇರುವುದು ಇಲ್ಲಿಯೇ!

1985ರ ಆವೃತ್ತಿಯ ಇನ್ನೊಂದು ಅಂಶವೂ ಅರ್ಥಪೂರ್ಣ. ಬ್ಯಾಂಕರ್ ಆಗಿ ಹೊರಟರೆ ಕೈಯಲ್ಲಿ 1,600 ಡಾಲರ್, ಬಡಗಿಗೆ 800, ರೈತನಿಗೆ ಕೇವಲ 400. ಆದರೆ ಗುರಿ ತಲುಪಿದ ರೈತನಿಗೆ ಮೂರು ಪಟ್ಟು ಅಂಕ. ಕಡಿಮೆ ಇದ್ದವನು ಕ್ರಮಿಸಿದ ದಾರಿಯ ಬೆಲೆ ಹೆಚ್ಚು ಎಂಬುದನ್ನು ಮಗು ಉಪದೇಶವಿಲ್ಲದೆ ಕಲಿಯುತ್ತದೆ.

ಆದರೆ ಮಿತ್ರರೇ, ಪಾತ್ರದ ಈ ಶಕ್ತಿಯೇ ಅದರ ಅಪಾಯವೂ ಹೌದು. ಬಂಡಿಗಳು ಸಾಗಿದ ನೆಲ ಖಾಲಿಯಾಗಿರಲಿಲ್ಲ. ಅಲ್ಲಿ ಮೂಲನಿವಾಸಿಗಳು ತಲೆತಲಾಂತರದಿಂದ ಬದುಕಿದ್ದರು. ವಲಸೆಯ ಈ ಪ್ರವಾಹ ಅವರ ನೆಲವನ್ನೂ ಬದುಕನ್ನೂ ಕಸಿಯಿತು. ಆದರೆ ಮಗುವಿಗೆ ದೊರೆತದ್ದು ವಲಸಿಗನ ಪಾತ್ರ ಮಾತ್ರ. ಆ ಯಾತ್ರಿಕರ ದಿನಚರಿಗಳನ್ನು ಓದಿದ ರಾವಿಟ್ಷ್, ಮೂಲನಿವಾಸಿಗಳು ನೆರವಾಗುವ ಪ್ರಸಂಗಗಳನ್ನು ಮುಂದೆ ಆಟಕ್ಕೆ ಸೇರಿಸಿದರು. ಆದರೂ ಅವರು ದಾರಿಬದಿಯ ಜನರಾಗಿಯೇ ಉಳಿದರು. 2021ರ ಹೊಸ ಆವೃತ್ತಿಯಲ್ಲಿ ಮೂಲನಿವಾಸಿ ವಿದ್ವಾಂಸರ ಸಲಹೆ ಪಡೆದು, ಅವರ ಪಾತ್ರಗಳನ್ನೂ ಮಕ್ಕಳು ವಹಿಸುವಂತೆ ಮಾಡಲಾಯಿತು. ಈ ತಿದ್ದುಪಡಿಗೆ ಹಿಡಿದ ಕಾಲ ಐವತ್ತು ವರ್ಷ!

ಪಠ್ಯಪುಸ್ತಕದಲ್ಲಿ ಯಾರ ಕಥೆ ಬಿಟ್ಟುಹೋಗಿದೆಯೆಂದು ಪ್ರಶ್ನಿಸುವ ನಾವು ಆಟದ ಬಗ್ಗೆಯೂ ಅದನ್ನೇ ಪ್ರಶ್ನಿಸಬೇಡವೇ? ಓದಿದ ಕಥೆಗಿಂತ ತಾನೇ ಪಾತ್ರವಾದ ಕಥೆ ಮಗುವಿನಲ್ಲಿ ಆಳವಾಗಿ ಇಳಿಯುತ್ತದೆ. ಇನ್ನೊಬ್ಬರನ್ನು ಅಡಚಣೆಯೆಂದೋ ಗುರಿಯೆಂದೋ ಕಾಣುವುದನ್ನು ಆಟ ಕಲಿಸುತ್ತಿದ್ದರೆ, ಅದನ್ನು ತಿದ್ದಬೇಕಾದ ಹೊಣೆ ಯಂತ್ರದ್ದಲ್ಲ, ನಮ್ಮದು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೆ. ವಾರಕ್ಕೊಮ್ಮೆ ಅರ್ಧ ಗಂಟೆ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ. 'ನೀನಿಲ್ಲಿ ಯಾರು? ಯಾಕೆ ಹೀಗೆ ನಿರ್ಧರಿಸಿದೆ? ಈ ಕಥೆಯಲ್ಲಿ ಮಾತೇ ಆಡದವರು ಯಾರು?' ಎಂಬ ಮೂರು ಪ್ರಶ್ನೆ ಕೇಳಿ. ಗೆದ್ದೆಯಾ ಎಂದು ಮಾತ್ರ ಕೇಳಬೇಡಿ. ಮೊದಲೆರಡು ಪ್ರಶ್ನೆಗಳಿಗೆ ಉತ್ತರಿಸುವ ಮಗು ಪಾಠ ಕಲಿತಿದೆ. ಮೂರನೆಯದಕ್ಕೂ ಉತ್ತರಿಸಿದರೆ ಅದು ನ್ಯಾಯದ ಕುರಿತು ಯೋಚಿಸಲಾರಂಭಿಸಿದೆ ಎಂದರ್ಥ.